ಹನ್ನೊಂದನೆಯ ಪ್ರಶ್ನೆಗೆ ಸೊನ್ನೆ

ಮೂಟೆಯಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಬುಡದಲ್ಲಿ, ನೆಲದ ಮೇಲೆ ಕುಳಿತಳು. ಒಂದು ಕಾಲು ಚಾಚಿ ಹೊಸ್ತಿಲಾಚೆಗೆ ಇಟ್ಟಳು. ಆ ಬಾಗಿಲು ಮುಚ್ಚಬೇಕಾದರೆ ಮೊದಲು ಆ ಕಾಲು ಮುರಿಯಬೇಕು, ಹಾಗೆ.

ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಸುಟ್ಟ ಗಾಯವಲ್ಲ ಅದು. ಕಬ್ಬಿಣದ ಬಾಗಿಲನ್ನು ಬಡಿದು ಬಡಿದು ಅಂಗೈಯ ಮೂಳೆಗಳು ಬಿರಿದಿದ್ದವು.

ಎದುರಿಗೆ ಫೈಲು ಹಿಡಿದು ಕುಳಿತವಳನ್ನು ವಾರ್ಡಿನವರು ಮರಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಪೂರ್ತಿ ಡಾಕ್ಟರಾಗಲು ಅವಳಿಗೆ ಇನ್ನು ಮೂರೇ ವಾರ. ಮನೋವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುವವರು ಕೊನೆಯ ಎರಡು ವರ್ಷ ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿ ದುಡಿಯಬೇಕು. ರೋಗಿಗಳ ಮಾತು ಕೇಳಬೇಕು, ಪರೀಕ್ಷೆ ಮಾಡಬೇಕು, ವರದಿ ಬರೆಯಬೇಕು. ಕೊನೆಗೆ ವಿಭಾಗದ ಮುಖ್ಯಸ್ಥರು ಒಂದು ಹಾಳೆಗೆ ಸಹಿ ಹಾಕುತ್ತಾರೆ. ಸಹಿ ಬಿದ್ದರೆ ಡಾಕ್ಟರು. ಬೀಳದಿದ್ದರೆ ಏನೂ ಅಲ್ಲ.

ಮೊದಲೆಲ್ಲ ಈ ತರಬೇತಿಗೆ ಸಂಬಳವಿರಲಿಲ್ಲ. ಎರಡು ವರ್ಷ ಬಿಟ್ಟಿ ದುಡಿದರೂ ಮನೆಯ ಒಲೆ ಆರದಂಥವರ ಮಕ್ಕಳು ಮಾತ್ರ ಬರುತ್ತಿದ್ದರು. ಸಂಬಳ ಕೊಡಲು ಶುರು ಮಾಡಿದ ವರ್ಷವೇ ಇವಳು ಅರ್ಜಿ ಹಾಕಿದಳು. ಇದ್ದ ನಾಲ್ಕು ಸೀಟಿನಲ್ಲಿ ಒಂದು ಸಿಕ್ಕಿತು. ಸಂದರ್ಶನದಲ್ಲಿ ಮನೆಯವರ ಕೆಲಸ ಏನೆಂದು ಕೇಳಿದರು. ಅಮ್ಮ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು ಎಂದಳು. ಒಬ್ಬರು ಅರ್ಜಿಯನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ ಎಲ್ಲರೂ ಸೇರಿ ಮೆಚ್ಚಿಕೊಂಡರು. ಆ ಮೆಚ್ಚುಗೆ ಎರಡು ವರ್ಷ ಅವಳ ಬೆನ್ನು ಬಿಡಲಿಲ್ಲ. ಜೊತೆಯ ರೆಸಿಡೆಂಟ್ ಒಬ್ಬ, ತಮ್ಮೆಲ್ಲರ ಕೋಟು ಇಷ್ಟು ಬೆಳ್ಳಗಿರುವುದು ಇವಳ ಮನೆತನದ ಕೃಪೆ ಎಂದು ಕ್ಯಾಂಟೀನಿನಲ್ಲಿ ನಗಿಸುತ್ತಿದ್ದ. ಇವಳೂ ನಗುತ್ತಿದ್ದಳು. ನಗದಿದ್ದರೆ ಇವಳಿಗೆ ತಮಾಷೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು.

ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಮೇಲಿನವರು ಹಾಸಿಗೆಯಿಂದ ಬಟ್ಟೆ ಎಳೆದು, ಗಂಟು ಕಟ್ಟಿ, ಗೋಡೆಯೊಳಗಿನ ಕೊಳವೆಗೆ ಬಿಡುತ್ತಾರೆ. ಅಲ್ಲಿಗೆ ಅವರು ಕೈ ತೊಳೆದುಕೊಂಡ ಹಾಗೆ. ಗಂಟು ಬಿಚ್ಚುವವರು ಕೆಳಗಿನವರು. ಹೆರಿಗೆಯ ರಕ್ತ, ಸಾಯುವವರ ಮಲ, ಕೀವು, ವಾಂತಿ, ಬಟ್ಟೆಯ ಮಡಿಕೆಯೊಳಗೆ ಯಾರೋ ಮರೆತ ಸೂಜಿ. ಒದ್ದೆ ಬಟ್ಟೆಯ ಒಂದೊಂದು ಮೂಟೆ ಒಬ್ಬ ಆಳಿನ ತೂಕ. ಅಂಥ ಎರಡನ್ನು ಒಟ್ಟಿಗೆ ಹೊರುತ್ತಿದ್ದುದರಿಂದ ಮೂಟೆಯಕ್ಕನಿಗೆ ಆ ಹೆಸರು ಬಂದದ್ದು. ಒಗೆಯುವ ಸೋಡಾದ ನೀರಿಗೆ ಬೆರಳ ತುದಿ ಬಿಳಿಚಿಕೊಂಡು ಸುಲಿಯುತ್ತದೆ. ಉಗುರು ಮೊದಲ ವರ್ಷವೇ ಹೋಗುತ್ತದೆ. ಕೊನೆಯದು ಒಣಗಿಸುವ ಕೋಣೆ. ದೊಡ್ಡ ದೊಡ್ಡ ಡ್ರಮ್ಮುಗಳು ಬಿಸಿಗಾಳಿಯಲ್ಲಿ ತಿರುಗುತ್ತವೆ. ಕಿಟಕಿ ಇಲ್ಲ. ಬಟ್ಟೆಯ ನವಿರು ಹತ್ತಿ ಗಾಳಿಯಲ್ಲಿ ತೇಲುತ್ತ ಮೂಗಿಗೆ, ಬಾಯಿಗೆ, ಎದೆಗೆ ಇಳಿಯುತ್ತದೆ. ಇಪ್ಪತ್ತಮೂರು ವರ್ಷ ಆ ಲಾಂಡ್ರಿಯಲ್ಲಿ ದುಡಿದ ಮರಿ ಡಾಕ್ಟರ್‌ನ ಅಮ್ಮ ಈಗ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ.

ಹೋದ ತಿಂಗಳು ಆ ಹತ್ತಿಗೇ ಬೆಂಕಿ ಹಿಡಿಯಿತು. ಒಳಗೆ ನಾಲ್ವರು ಹೆಂಗಸರಿದ್ದರು. ಬಾಗಿಲು ತೆರೆಯಲಿಲ್ಲ. ಕೊನೆಗೆ ಬಾಯ್ಲರ್ ಕೆಲಸದವರು ಹಾರೆ ತಂದು ಒಡೆದರು. ಮೂವರು ಬದುಕಿದರು. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ, ಪಾಳಿಯುದ್ದಕ್ಕೂ ವಟಗುಟ್ಟುತ್ತಿದ್ದ ಸಣ್ಣ ಹೆಂಗಸು ಬದುಕಲಿಲ್ಲ. ಕಾಣುವ ದೇವರು ಯಾರೂ ಅಲ್ಲಿರಲಿಲ್ಲ. ಕಾಣದವನು ಬಾಗಿಲಿನ ಯಾವ ಕಡೆ ಇದ್ದನೋ ಅವನೇ ಹೇಳಬೇಕು.

ಶಾಖಕ್ಕೆ ಬಾಗಿಲು ಉಬ್ಬಿ ಕಚ್ಚಿಕೊಂಡಿತು ಎಂದು ಆಸ್ಪತ್ರೆ ಹೇಳಿತು. ಬದುಕಿದ ಮೂವರಲ್ಲಿ ಇಬ್ಬರು ಹೌದೆಂದರು. ಅವರಿಗೆ ಮರುದಿನದಿಂದ ಮೇಲಿನ ಮಹಡಿಯಲ್ಲಿ ಹಗುರ ಕೆಲಸ ಸಿಕ್ಕಿತು. ಮೂಟೆಯಕ್ಕ ಒಬ್ಬಳೇ, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು ಎಂದಳು. ಹಾರೆ ತಂದವರು ಹೊಗೆಯಲ್ಲಿ ಬೀಗ ಕಾಣಲಿಲ್ಲ ಎಂದರು. ಕಂಡಕಂಡವರಿಗೆಲ್ಲ ಹೇಳಿದಳು. ನಿದ್ದೆ ಬಿಟ್ಟಳು. ಮುಚ್ಚಿದ ಬಾಗಿಲು ಕಂಡರೆ ಬಡಿಯತೊಡಗಿದಳು. ಅವಳನ್ನು ತಂದು ಮಾನಸಿಕ ವಾರ್ಡಿನಲ್ಲಿ ಇಟ್ಟರು. ಶುಕ್ರವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ವಿಚಾರಣೆ ಮಾಡುವವರಿದ್ದರು. ಅಷ್ಟರೊಳಗೆ ಒಂದು ವರದಿ ಬೇಕಿತ್ತು: ಈ ಹೆಂಗಸಿನ ಮಾತನ್ನು ಸಾಕ್ಷಿಯೆಂದು ಹಿಡಿಯಬಹುದೋ, ಇಲ್ಲವೋ. ಆ ಕೆಲಸ ಮರಿ ಡಾಕ್ಟರ್ ಪಾಲಿಗೆ ಬಂತು.

ಪರೀಕ್ಷೆಗೆ ನಿಯಮಗಳಿವೆ. ಪ್ರಶ್ನೆಯನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಬೇಕು. ಉತ್ತರವನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಸುಳಿವು ಕೊಡಬಾರದು. ಯಾವ ಪ್ರಶ್ನೆಯನ್ನೂ ಬಿಡಬಾರದು. ಲಾಂಡ್ರಿಯವಳ ಮಗಳು ನಿಯಮ ತಪ್ಪಿದಳು ಎಂದು ಯಾರೂ ಬೆರಳು ತೋರಿಸಬಾರದೆಂಬ ಹಟದಲ್ಲಿ ಅವಳು ಇದನ್ನೆಲ್ಲ ಪ್ರಾರ್ಥನೆಯಂತೆ ಬಾಯಿಪಾಠ ಮಾಡಿದ್ದಳು.

ಮೊದಲು ಚಿತ್ರ ನೋಡಿ ಬರೆಯುವುದಿತ್ತು. ಮೂಟೆಯಕ್ಕನ ಬ್ಯಾಂಡೇಜಿನ ಕೈಯಲ್ಲಿ ಪೆನ್ಸಿಲು ನಿಲ್ಲಲಿಲ್ಲ. ಮೂರು ಸಲ ಬಿತ್ತು. ನಾಲ್ಕನೆಯ ಸಲ ಬಾಯಲ್ಲಿ ಕಚ್ಚಿಕೊಂಡು ಬರೆಯಲು ನೋಡಿದಳು. ಗಡಿಯಾರದ ಮುಳ್ಳು ಓಡುತ್ತಿತ್ತು. ಸಮಯ ಮುಗಿಯಿತು. ಸೊನ್ನೆ.

ಆಮೇಲೆ ವಿವೇಚನೆಯ ಪ್ರಶ್ನೆಗಳು. ಹಾದಿಯಲ್ಲಿ ಯಾರದೋ ಪರ್ಸು ಸಿಕ್ಕರೆ ಏನು ಮಾಡುತ್ತೀರಿ ಎಂಬುದು ಒಂಬತ್ತನೆಯದು.

"ಮುಟ್ಟಲ್ಲ. ಮುಟ್ಟಿದ್ರೆ ಕದ್ದೆ ಅಂತಾರೆ. ನೋಡೇ ಇಲ್ಲ ಅನ್ನೋ ಹಾಗೆ ದಾಟ್ಕೊಂಡು ಹೋಗ್ತೀನಿ," ಎಂದಳು ಮೂಟೆಯಕ್ಕ. ಒಂದು ಗಳಿಗೆ ಮರಿ ಡಾಕ್ಟರ್‌ನ ಕೋಟು ನೋಡಿದಳು. "ನೀನಾದ್ರೆ ಎತ್ಕೋಬಹುದು ಬಿಡು."

ಪೊಲೀಸರಿಗೋ ವಾರಸುದಾರರಿಗೋ ಒಪ್ಪಿಸುತ್ತೇನೆ ಎಂದರೆ ಎರಡು ಅಂಕ. ಮುಟ್ಟದೆ ದಾಟುವುದಕ್ಕೆ ಅಂಕವಿಲ್ಲ. ಸೊನ್ನೆ.

ಹನ್ನೊಂದನೆಯದನ್ನು ಬೆರಳಿನಿಂದ ಮುಚ್ಚಿ ಹನ್ನೆರಡಕ್ಕೆ ಕಣ್ಣು ಹಾಯಿಸಿದಳು. ಆದರೂ ಓದಿದಳು. ತುಂಬ ಜನರಿರುವ ಒಂದು ಕೋಣೆ. ಹೊಗೆ ಬರುತ್ತಿರುವುದು ಮೊದಲು ನಿಮ್ಮ ಕಣ್ಣಿಗೆ ಬಿದ್ದಿದೆ. ನೀವು ಏನು ಮಾಡುತ್ತೀರಿ?

ಮೂಟೆಯಕ್ಕ ಅವಳನ್ನು ನೋಡಿದಳು. ಮಗು ಆಡಬಾರದ ಮಾತಾಡಿದರೆ ದೊಡ್ಡವರು ನೋಡುತ್ತಾರಲ್ಲ, ಹಾಗೆ.

"ಬಾಗಿಲು ಬಡೀತೀನಿ."

ಆಮೇಲೆ ಎಂದು ಒಂದೇ ಒಂದು ಸಲ ಕೇಳಲು ಅವಕಾಶವಿದೆ. ಕೇಳಿದಳು.

"ಬಡೀತಾನೇ ಇರ್ತೀನಿ."

ಪುಸ್ತಕದ ಪ್ರಕಾರ, ಎಲ್ಲರನ್ನೂ ಎಚ್ಚರಿಸಿ ಬಾಗಿಲಿನಿಂದ ಹೊರಗೆ ಕಳಿಸುತ್ತೇನೆ ಎಂದರೆ ಎರಡು. ನಾನು ಹೊರಗೆ ಹೋಗುತ್ತೇನೆ ಎಂದರೆ ಒಂದು. ಕಿರುಚುವುದು, ಅಳುವುದು, ಬಡಿಯುವುದು ಇವಕ್ಕೆ ಸೊನ್ನೆ. ಅವಳ ಪೆನ್ನು ಸೊನ್ನೆ ಸುತ್ತಿತು. ಮನಸ್ಸು ಅಲ್ಲಿಗೆ ಬರುವ ಮುಂಚೆಯೇ ಕೈ ಸುತ್ತಿಬಿಟ್ಟಿತ್ತು. ಎರಡು ವರ್ಷದಲ್ಲಿ ಕೈ ಅಷ್ಟು ಪಳಗಿತ್ತು.

ಎಲ್ಲ ಮುಗಿದ ಮೇಲೆ ಮೂಟೆಯಕ್ಕ ಕೇಳಿದಳು, ನೀನು ದೊಡ್ಡಕ್ಕನ ಮಗಳಲ್ಲವೇ ಎಂದು. ಲಾಂಡ್ರಿಯಲ್ಲಿ ಅಮ್ಮನಿಗೆ ಇದ್ದ ಹೆಸರು ಅದು. ರೋಗಿಗಳಿಗೆ ಮನೆಯ ವಿಷಯ ಹೇಳಬಾರದೆಂಬುದೂ ಒಂದು ನಿಯಮ. ಅವಳು ತಲೆಯಾಡಿಸಿದಳು, ಅಷ್ಟೆ. ಅಮ್ಮನ ಎದೆ ಹೇಗಿದೆ, ಮಲಗುವಾಗ ತಲೆಗೆ ಎರಡು ದಿಂಬು ಇಟ್ಟುಕೊಳ್ಳಲಿ ಎಂದು ಹೇಳಿ ಮೂಟೆಯಕ್ಕ ವಾರ್ಡಿಗೆ ಹೊರಟಳು.

ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ದನಿ ಎತ್ತಿದವರಲ್ಲ. ಮೇಜಿನ ಮೇಲೆ ಯಾವಾಗಲೂ ಹೂದಾನಿ, ಕಣ್ಣೊರೆಸುವ ಕಾಗದದ ಪೆಟ್ಟಿಗೆ. ಅವರು ಅಂಕದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಟ್ಟು ಅಂಕ ಮಿತಿಗಿಂತ ಒಂದು ಕಡಿಮೆ ಬಂದಿತ್ತು. ಅವರ ಭುಜ ಸಡಿಲವಾಯಿತು. ಕೆಂಪು ಪೆನ್ನು ತೆಗೆದು ಹನ್ನೊಂದನೆಯದಕ್ಕೆ ಗುಂಡಗೆ ಗುರುತು ಹಾಕಿದರು. ಪಾಪ, ಹೊಗೆ ಬಂದರೆ ಬಾಗಿಲು ತೆಗೆದು ಹೊರಗೆ ಹೋಗಬೇಕೆಂಬುದೂ ತೋಚಿಲ್ಲ ಎಂದರು.

"ಬಾಗಿಲಿಗೆ ಬೀಗ ಇತ್ತು ಸರ್."

"ಅದು ಅವಳ ಭ್ರಮೆ."

"ನಾನು ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಅಲ್ಲಿಗೇ ಬರ್ತಿದ್ದೆ ಸರ್. ಆ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡ್ತಿದ್ದೆ. ಪಾಳಿ ಮುಗಿಯೋ ಗಂಟೆ ಹೊಡೆಯೋವರೆಗೂ ಬೀಗ ಇರ್ತಿತ್ತು. ಹೊದಿಕೆ ಕದೀತಾರೆ ಅಂತ ಹಾಕ್ತಿದ್ರು."

ಮುಖ್ಯಸ್ಥರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಕಾಗದದ ಪೆಟ್ಟಿಗೆಯನ್ನು ನಿಧಾನವಾಗಿ ಅವಳ ಕಡೆ ಸರಿಸಿದರು. ಅವಳು ಅಳುತ್ತಿರಲಿಲ್ಲ.

"ನೀನು ಅವಳಲ್ಲಿ ನಿಮ್ಮಮ್ಮನ್ನ ನೋಡ್ತಿದೀಯ," ಎಂದರು. "ಚಿಕಿತ್ಸೆ ಮಾಡೋರಿಗೆ ಇದು ಆಗುತ್ತೆ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಮೂರು ವಾರದಲ್ಲಿ ನಿನ್ನ ಹಾಳೆಗೆ ಸಹಿ ಹಾಕಬೇಕಾದವನು ನಾನು. ನಿನಗಿದು ಇನ್ನೂ ಕೈಗೆ ಬಂದಿಲ್ಲ ಅಂತ ಬರೀಬೇಕಾ?"

ಹೀಗೆ ಅವಳು ಕಣ್ಣಾರೆ ಕಂಡದ್ದೂ ಒಂದು ಕಾಯಿಲೆಯಾಯಿತು. ಕೆಳಗಿನವಳು ಹೇಳಿದರೆ ಭ್ರಮೆ. ಕೆಳಗಿನಿಂದ ಮೇಲೆ ಬಂದವಳು ಹೇಳಿದರೆ ಅದಕ್ಕೂ ಒಂದು ಹೆಸರು.

ಅವಳು ಸಹಿಗೆ ಎರಡು ದಿನ ಕೇಳಿದಳು. ಮುಖ್ಯಸ್ಥರು ನಕ್ಕರು. ಸಂಬಳ ತೆಗೆದುಕೊಳ್ಳುವವರು ವಿದ್ಯಾರ್ಥಿಗಳಲ್ಲ, ನೌಕರರು, ನೌಕರರಿಗೆ ಯೋಚಿಸಲು ರಜೆ ಕೊಡುವ ಪದ್ಧತಿಯಿಲ್ಲ ಎಂದರು. ಹೋದ ವರ್ಷ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಇವಳು ರಜೆ ಕೇಳಿದ್ದಳು. ಆಗ ಅವರು, ನೀವು ವಿದ್ಯಾರ್ಥಿಗಳು, ನೌಕರರ ರಜೆ ನಿಮಗಿಲ್ಲ ಎಂದಿದ್ದರು. ಎರಡು ವರ್ಷ ಆ ನಾಲ್ವರು ರೆಸಿಡೆಂಟರೂ ಆಸ್ಪತ್ರೆ ಕೊಡಬೇಕಾದಾಗ ವಿದ್ಯಾರ್ಥಿಗಳು, ಆಸ್ಪತ್ರೆ ಕೇಳುವಾಗ ನೌಕರರು.

ಬೇರೆಯವರಿಂದ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನಲೂ ದಾರಿಯಿರಲಿಲ್ಲ. ಒಂದು ಸಲ ಮಾಡಿದ ಪರೀಕ್ಷೆಯನ್ನು ಅದೇ ರೋಗಿಗೆ ಆರು ತಿಂಗಳು ಮತ್ತೆ ಮಾಡುವಂತಿಲ್ಲ. ಉತ್ತರ ಕಲಿತಿರುತ್ತಾರೆ ಎಂದು ಹಾಗೆ. ಮೂಟೆಯಕ್ಕನ ಮೇಲೆ ಲೋಕದಲ್ಲಿ ಇದ್ದದ್ದು ಒಂದೇ ಅಂಕದ ಹಾಳೆ. ಅದು ಇವಳ ಕೈಬರಹದಲ್ಲಿತ್ತು. ಇವಳ ಸಹಿ ಬೀಳದೆ ಅದಕ್ಕೆ ಬೆಲೆಯಿರಲಿಲ್ಲ. ಗುರುವಾರ ಬೆಳಿಗ್ಗೆ ವಿಭಾಗದ ಸಭೆಯಲ್ಲಿ, ರೋಗಿಯನ್ನು ಎಲ್ಲರೆದುರು ಕೂರಿಸಿ, ವರದಿ ಓದಿ ಸಹಿ ಹಾಕುವುದು ಎಂದಾಯಿತು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಬುಧವಾರ ಸಂಜೆ ಅವಳು ಅಮ್ಮನ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ ಎಲ್ಲವನ್ನೂ ಹೇಳಿದಳು. ಬೆನ್ನಿನ ಮೂಳೆಗಳು ಒಂದೊಂದೂ ಕೈಗೆ ಸಿಗುತ್ತಿದ್ದವು. ಗುಬ್ಬಿಯ ಹೆಸರು ಬಂದಾಗ ಬೆನ್ನು ಒಮ್ಮೆ ಬಿಗಿಯಿತು, ಮತ್ತೆ ಸಡಿಲವಾಯಿತು.

"ಸಹಿ ಹಾಕು," ಎಂದಳು ಅಮ್ಮ.

ಅದು ಸುಳ್ಳು ಎಂದಳು ಮಗಳು. ಆ ಹೆಂಗಸನ್ನು ಹುಚ್ಚಿ ಮಾಡಿ ಬೀಗ ಹಾಕುತ್ತಾರೆ, ಬಾಗಿಲು ಉಬ್ಬಿದ್ದಕ್ಕೆ ಗುಬ್ಬಿ ಸತ್ತಳೆಂದು ಬರೆದು ಮುಗಿಸುತ್ತಾರೆ ಎಂದಳು.

"ಗುಬ್ಬಿ ಸತ್ತಾಯ್ತು. ಸತ್ತೋಳಿಗೆ ಯಾವ ಕಾಗದ ಆದ್ರೇನು. ನೀನು ಬದುಕಿದೀಯ. ಇಪ್ಪತ್ತಮೂರು ವರ್ಷ ಊರೋರ ಹೇಲು ಉಚ್ಚೆ ಒಗೆದಿದೀನಿ ಕಣೇ. ಇವರ ಕೋಟು ಒಗೆದು ಒಗೆದು ನಿನಗೊಂದು ಕೋಟು ತೊಡಿಸಿದೀನಿ. ಮೂರು ವಾರ. ಮೂರೇ ಮೂರು ವಾರ ತಲೆ ತಗ್ಗಿಸಕ್ಕಾಗಲ್ವಾ ನಿನಗೆ?"

ಮಾತು ಮುಗಿಯುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮುತ್ತಲೇ ಅಮ್ಮ ಮಂಚದಿಂದ ಜಾರಿದಳು. ಬಿದ್ದಳೆಂದು ಮಗಳು ಹಿಡಿಯಲು ಹೋದಳು. ಅಮ್ಮ ಬಿದ್ದಿರಲಿಲ್ಲ. ಬೇಕೆಂದೇ ಕೆಳಗೆ ಕೂತಿದ್ದಳು. ಉಗುರಿಲ್ಲದ ಬೆರಳುಗಳಲ್ಲಿ ಮಗಳ ಎರಡೂ ಪಾದ ಹಿಡಿದುಕೊಂಡಳು.

"ನಿನ್ನ ಕಾಲು ಹಿಡ್ಕೋತೀನಿ. ಸಹಿ ಹಾಕು. ಆ ಬಾಗಿಲ ಸುದ್ದಿಗೆ ಹೋಗಬೇಡ."

ಹೆತ್ತವಳು ಕಾಲು ಹಿಡಿದರೆ ಮಕ್ಕಳ ಆಯಸ್ಸು ಕಡಿಮೆಯಾಗುತ್ತದೆಂದು ಈ ತಾಯಿಯೇ ಹೇಳುತ್ತಿದ್ದಳು. ಮಗಳು ಆ ಕೈಗಳನ್ನು ಬಿಡಿಸಲು ನೋಡಿದಳು. ಬಿಡಲಿಲ್ಲ. ಮೂಟೆ ಹಿಡಿದ ಕೈಗಳು ಅವು. ಸಹಿ ಹಾಕುತ್ತೇನೆ ಎಂದು ಮೂರು ಸಲ ಹೇಳಿಸಿಕೊಂಡ ಮೇಲೆ ಬಿಟ್ಟವು.

ಗುರುವಾರ ಅವಳು ಸಹಿ ಹಾಕಲೆಂದೇ ಹೋದಳು. ಇದನ್ನು ಇದ್ದ ಹಾಗೆ ಹೇಳಬೇಕು. ಅವಳು ಧೀರೆಯಾಗಿ ಹೋದವಳಲ್ಲ. ಸಭೆಯ ಉದ್ದ ಮೇಜಿನ ಕೊನೆಯಲ್ಲಿ ಕುಳಿತಾಗ ಅವಳ ಎದೆಯೊಳಗೆ ಏನೂ ಇರಲಿಲ್ಲ. ಒಗೆದು ಹಿಂಡಿ ಒಣಹಾಕಿದ ಬಟ್ಟೆಯ ಹಾಗಿದ್ದಳು. ಅಂಕದ ಹಾಳೆ ಮುಂದಿತ್ತು. ಪೆನ್ನಿನ ಮುಚ್ಚಳ ತೆಗೆದಿದ್ದಳು.

ಹನ್ನೆರಡು ಜನರಿದ್ದರು. ನರ್ಸು ಮೂಟೆಯಕ್ಕನನ್ನು ಕರೆತಂದಳು. ಮೂಟೆಯಕ್ಕ ಎಂದಿನಂತೆ ಬಾಗಿಲ ಬುಡದಲ್ಲಿ ಕೂರಲು ಹೋದಳು. ನರ್ಸು ರಟ್ಟೆ ಹಿಡಿದು ನಡುವಿನ ಕುರ್ಚಿಗೆ ತಂದು ಕೂರಿಸಿದಳು. ರೋಗಿಯ ಗುಟ್ಟು ಹೊರಗೆ ಹೋಗಬಾರದೆಂದು ಈ ಸಭೆಯಲ್ಲಿ ಬಾಗಿಲು ಮುಚ್ಚುವುದು ಪದ್ಧತಿ. ನರ್ಸು ಹೊರಗೆ ಹೋಗುತ್ತ ಬಾಗಿಲು ಎಳೆದುಕೊಂಡಳು. ಚಿಲಕ ಕಚ್ಚಿದ ಸದ್ದಾಯಿತು.

ಮೂಟೆಯಕ್ಕ ಎದ್ದಳು. ಕುರ್ಚಿ ಉರುಳಿತು. ಬಾಗಿಲಿಗೆ ಹೋಗಿ ಬಡಿಯತೊಡಗಿದಳು.

ಕಿರುಚಲಿಲ್ಲ. ಅಳಲಿಲ್ಲ. ಬಡಿದಳು. ಬ್ಯಾಂಡೇಜಿನ ಕೈ ಮರದ ಮೇಲೆ ಬೀಳುವ ಸದ್ದು ದೊಡ್ಡದಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಕುಕ್ಕಿದ ಹಾಗೆ, ಒಂದೇ ಅಳತೆಯಲ್ಲಿ, ದಪ್, ದಪ್, ದಪ್. ಬಿಳಿ ಬಟ್ಟೆಯೊಳಗಿನಿಂದ ಕೆಂಪು ಮೂಡಿತು.

ಮೇಜಿನ ಸುತ್ತ ಹನ್ನೊಂದು ಪೆನ್ನುಗಳು ಬರೆಯುತ್ತಿದ್ದವು. ಪಕ್ಕದಲ್ಲಿದ್ದ, ಕೋಟಿನ ತಮಾಷೆ ಮಾಡುವವನು, 'ಉದ್ರೇಕ, ಕಾರಣವಿಲ್ಲದೆ' ಎಂದು ಬರೆದದ್ದು ಅವಳಿಗೆ ಕಂಡಿತು. ಮುಖ್ಯಸ್ಥರು ಕೈಗಡಿಯಾರ ನೋಡಿ, ಎಷ್ಟು ಹೊತ್ತು ಮುಂದುವರಿಯುತ್ತದೆ ಎಂಬುದನ್ನು ಗಮನಿಸಿ ಎಂದು ಮೆಲ್ಲಗೆ ಹೇಳಿದರು.

ಮರಿ ಡಾಕ್ಟರ್ ಎದ್ದಳು. ಯಾಕೆ ಎದ್ದಳೆಂದು ಆಮೇಲೆ ಅವಳಿಗೇ ಹೇಳಲು ಬರಲಿಲ್ಲ. ಬಾಗಿಲವರೆಗೆ ಹೋದಳು. ಚಿಲಕ ತಿರುಗಿಸಿ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು.

ಮೂಟೆಯಕ್ಕನ ಕೈ ನಿಂತಿತು. ಅವಳು ಕಾರಿಡಾರನ್ನು ನೋಡಿದಳು. ಉಸಿರು ಬಿಟ್ಟಳು. ತಿರುಗಿ ಬಂದು, ಉರುಳಿದ್ದ ಕುರ್ಚಿಯನ್ನು ಮೊಣಕೈಯಿಂದ ಎತ್ತಿ ನಿಲ್ಲಿಸಿ, ಅದರ ಮೇಲೆ ಕುಳಿತಳು. ಕೇಳುವುದಿದ್ದರೆ ಕೇಳಿ ಎಂದಳು.

ಯಾರೂ ಕೇಳಲಿಲ್ಲ. ಪೆನ್ನುಗಳೂ ಬರೆಯಲಿಲ್ಲ.

"ಬಾಗಿಲು ಹಾಕು," ಎಂದರು ಮುಖ್ಯಸ್ಥರು.

"ಹಾಕಲ್ಲ ಸರ್."

"ರೋಗಿಯ ಗೋಪ್ಯತೆ..."

"ಹಾಕಲ್ಲ."

ಅವಳು ಮೇಜಿಗೆ ಬಂದು ಅಂಕದ ಹಾಳೆ ಎಳೆದುಕೊಂಡಳು. ಹನ್ನೊಂದನೆಯ ಪ್ರಶ್ನೆಯ ಸೊನ್ನೆಯನ್ನು ಹೊಡೆದುಹಾಕಿ ಎರಡು ಎಂದು ಬರೆದಳು. ಒಂಬತ್ತನೆಯದನ್ನೂ ಹಾಗೇ ಮಾಡಿದಳು. ಪಕ್ಕದಲ್ಲಿ ಕಾರಣ ಬರೆದಳು: ಹೊರಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಇರುವವರಿಗೆ ಇದೇ ಸರಿಯಾದ ಉತ್ತರ. ಬೀಗವನ್ನು ನಾನು ನೋಡಿದ್ದೇನೆ. ಸೊನ್ನೆ ಕೊಟ್ಟದ್ದು ನನ್ನ ತಪ್ಪು. ಕೆಳಗೆ ಸಹಿ ಹಾಕಿದಳು. ಒಟ್ಟು ಅಂಕ ಈಗ ಮಿತಿಗಿಂತ ಮೂರು ಮೇಲೆ ಬಂತು.

ಇಂಥ ಗಳಿಗೆಯಲ್ಲಿ ಕಥೆ ಮುಗಿದರೆ ಕೇಳುವವರಿಗೆ ಹಿತವಾಗಿರುತ್ತದೆ. ಬದುಕು ಅಷ್ಟು ಉದಾರಿಯಲ್ಲ. ಮುಖ್ಯಸ್ಥರು ಆ ಹಾಳೆಯನ್ನು ಓದಿದರು, ಎರಡಾಗಿ ಮಡಚಿದರು, ತಿದ್ದಿದ ಹಾಳೆ ಊರ್ಜಿತವಲ್ಲ ಎಂದು ಬದಿಗಿಟ್ಟರು. ಪರೀಕ್ಷೆಯಿಲ್ಲದೆ, ತಮ್ಮ ಅನುಭವದ ಮೇಲೆ, ಈಕೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ ಎಂದು ನಾಲ್ಕು ಸಾಲು ಬರೆದರು. ಅವರ ನಾಲ್ಕು ಸಾಲಿಗೆ ಅವಳ ಎರಡು ವರ್ಷಕ್ಕಿಂತ ತೂಕವಿತ್ತು. ಇನ್ನೊಂದು ಹಾಳೆ ತೆಗೆದು ಅವಳದ್ದನ್ನೂ ಬರೆದರು: ಭಾವನೆಯನ್ನು ಹತೋಟಿಯಲ್ಲಿಟ್ಟುಕೊಳ್ಳಲಾರಳು, ತರಬೇತಿ ಮುಂದುವರಿಸಲು ಅರ್ಹಳಲ್ಲ. ನರ್ಸು ಬಂದು ಮೂಟೆಯಕ್ಕನನ್ನು ಮೇಲೆ ಕರೆದೊಯ್ದಳು. ಮೂಟೆಯಕ್ಕ ತಿರುಗಿ ನೋಡಿ, ಹೋಗ್ಲಿ ಬಿಡು ಮಗಳೇ, ಊಟ ಮಾಡು ಎಂದಳು. ಮೇಲೆ ವಾರ್ಡಿನ ಬಾಗಿಲು ಮುಚ್ಚಿದ್ದು ಕೆಳಗಿನ ಕಾರಿಡಾರಿನವರೆಗೂ ಕೇಳಿಸಿತು. ಆಮೇಲೆ ಬಡಿಯುವ ಸದ್ದು ಶುರುವಾಯಿತು.

ಗೇಟಿನಲ್ಲಿ ಕಾವಲಿನವನು ಅವಳ ಗುರುತಿನ ಚೀಟಿ, ಕೋಟು, ವಾರ್ಡಿನ ಬೀಗದ ಕೈ ಎಲ್ಲ ತೆಗೆದುಕೊಂಡ. ಕೋಟು ಯಾರದು, ಆಸ್ಪತ್ರೆಯದೋ ನಿಮ್ಮದೋ ಎಂದು ಕೇಳಿದ. ನಮ್ಮಮ್ಮ ಕೊಡಿಸಿದ್ದು ಎಂದಳು. ರಸೀದಿ ಇದೆಯೇ ಎಂದ. ಇರಲಿಲ್ಲ. ಇಟ್ಟುಕೊಂಡ.

ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಬಂದಾಗ ಅಮ್ಮ ಮೆಟ್ಟಿಲ ಮೇಲೆಯೇ ಕುಳಿತಿದ್ದಳು. ಮೈಮೇಲೆ ಕೋಟಿಲ್ಲದ ಮಗಳನ್ನು ನೋಡಿದಳು. ಮಗಳಿಗೆ ಹೇಳಬೇಕಾದದ್ದೇನೂ ಉಳಿಯಲಿಲ್ಲ. ಆದರೂ ಹೇಳಿದಳು. ಸಭೆ, ಬಾಗಿಲು, ಬಡಿದದ್ದು, ತೆರೆದದ್ದು, ಬರೆದದ್ದು. ಬೈಗುಳಕ್ಕೆ, ಹೊಡೆತಕ್ಕೆ, ಎದೆ ಬಡಿದುಕೊಂಡು ಅಳುವುದಕ್ಕೆ ತಯಾರಾಗಿ ನಿಂತಳು. ಅದು ಯಾವುದೂ ಬರಲಿಲ್ಲ.

"ಬಾಗಿಲು ತೆಗೆದ ತಕ್ಷಣ ಸುಮ್ಮನಾದಳಾ?" ಎಂದು ಕೇಳಿದಳು ಅಮ್ಮ.

ಹೌದೆಂದಳು ಮಗಳು.

"ಕೂತ್ಕೊಂಡಳಾ?"

ಕೂತಳು ಎಂದಳು.

ಅಮ್ಮ ಸೊಂಟದ ಬಳಿ ಸೆರಗಿನ ಮೇಲೆ ಕೈ ಆಡಿಸಿದಳು.

"ಕೆಲಸದ ಕೊನೆಯ ಎಂಟು ವರ್ಷ ಆ ಬೀಗದ ಕೈ ನ‌ನ್ನ ಹತ್ರ ಇತ್ತು," ಎಂದಳು.

ಮಗಳಿಗೆ ಅರ್ಥವಾಗಲಿಲ್ಲ.

"ನನ್ನನ್ನ ಮೇಸ್ತ್ರಿ ಮಾಡಿದ್ದೇ ಅದಕ್ಕೆ. ಅವರನ್ನ ಒಳಗೆ ಕಳಿಸೋದು, ಹೊರಗಿಂದ ಹಾಕೋದು. ಗಂಟೆ ಹೊಡೆದ್ರೆ ತೆಗೆಯೋದು. ನಾನು ಹೊರಗಿರ್ತಿದ್ದೆ. ಗಾಳಿ ಇರ್ತಿತ್ತು. ಕೂಲಿ ಹೆಚ್ಚು ಮಾಡಿದ್ರು. ಆ ವರ್ಷವೇ ನೀನು ಕಾಲೇಜಿಗೆ ಸೇರಿದ್ದು."

ಕೆಮ್ಮು ಬಂತು. ಮಗಳು ನೀರು ತರಲು ಎದ್ದಳು. ಅಮ್ಮ ಕೈ ಹಿಡಿದು ಕೂರಿಸಿದಳು.

"ಒಂದು ದಿನ ಗುಬ್ಬಿಗೆ ಒಳಗೆ ತಲೆ ಸುತ್ತಿತು. ಬಸುರಿ ಅವಳು ಆಗ. ಎಲ್ಲಾ ಸೇರಿ ಬಾಗಿಲು ಬಡಿದ್ರು. ದೊಡ್ಡಕ್ಕ, ದೊಡ್ಡಕ್ಕ ಅಂತ ಕೂಗಿದ್ರು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಗಂಟೆ ಹೊಡೆಯದೆ ತೆಗೆದ್ರೆ ಕೆಲಸ ಹೋಗ್ತಿತ್ತು. ನಾನು ಕಿವಿ ಮುಚ್ಕೊಂಡು ಕೂತಿದ್ದೆ ಕಣೇ. ಮಗು ಇಳಿದುಹೋಯ್ತು. ಅದಾದ್ಮೇಲೂ ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ರೆ ಚೆನ್ನಾಗಿತ್ತು."

ಇಂಥ ಮಾತು ಕೇಳಿದಾಗ ಏನು ಹೇಳಬೇಕೆಂದು ಮಗಳಿಗೆ ಎರಡು ವರ್ಷ ಕಲಿಸಿದ್ದರು. ಹೇಳುವ ವಾಕ್ಯಗಳಿದ್ದವು, ಸುಮ್ಮನಿರುವ ಬಗೆಯಿತ್ತು, ಎಷ್ಟು ಬಾಗಿ ಕೂರಬೇಕೆಂಬುದೂ ಇತ್ತು. ಅಮ್ಮನ ಕೈಯನ್ನು ತನ್ನ ಕೈಯಲ್ಲಿ ಹಿಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ. ಈ ಕೈ ತನಗೆ ಉಣಿಸಿದ ಕೈ. ಬಾಗಿಲು ಬಡಿಯುವುದನ್ನು ಕೇಳುತ್ತ ಕಿವಿ ಮುಚ್ಚಿದ್ದೂ ಈ ಕೈಯೇ. ತಾನು ಓದಿದ ಒಂದೊಂದು ಪುಸ್ತಕದ ಹಾಳೆಯೂ ಆ ಬಾಗಿಲಿನ ಹೊರಗೆ ಕೂತು ಗಳಿಸಿದ್ದು. ಹಿಡಿದಳು. ಹಿಡಿದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಬಿಡಲಿಲ್ಲ.

ವಿಚಾರಣೆ ಎಷ್ಟು ಗಂಟೆಗೆ ಎಂದು ಅಮ್ಮ ಕೇಳಿದಳು. ನಾಳೆ ಹತ್ತಕ್ಕೆ ಎಂದಳು ಮಗಳು.

"ಅವಳದ್ದು ಹುಚ್ಚಿ ಮಾತು ಅಂದ್ರು. ನಿನ್ನದು ಕೆಲಸದಿಂದ ತೆಗೆದವಳ ಮಾತು ಅಂತಾರೆ. ಬೀಗ ಹಾಕಿದವಳ ಮಾತಿಗೆ ಏನು ಅಂತಾರೋ ನೋಡೋಣ."

ಪಿಂಚಣಿ ನಿಲ್ಲಿಸುತ್ತಾರೆ, ಔಷಧಕ್ಕೂ ಇರುವುದಿಲ್ಲ, ನಿನ್ನ ಮೇಲೆ ಕೇಸು ಹಾಕಿದರೂ ಹಾಕಿದರೇ, ಲಾಂಡ್ರಿಯ ಹೆಂಗಸರು ಮುಖಕ್ಕೆ ಉಗಿಯುತ್ತಾರೆ ಎಂದಳು ಮಗಳು. ಅಮ್ಮ ಒಂದೊಂದಕ್ಕೂ ತಲೆಯಾಡಿಸಿದಳು. ಎಲ್ಲವನ್ನೂ ಅವಳು ಮೊದಲೇ ಯೋಚಿಸಿದ್ದಳು. ಈ ಒಂದು ತಿಂಗಳು ಅವಳು ಮತ್ತೇನೂ ಯೋಚಿಸಿರಲಿಲ್ಲ. ನಿನ್ನೆ ಕಾಲು ಹಿಡಿದದ್ದೂ ಅದಕ್ಕೇ.

ಇಬ್ಬರೂ ಒಳಗೆ ಹೋದರು. ಮಗಳು ಕಾಗದ ತಂದು ಮಂಡಿಯ ಮೇಲೆ ಇಟ್ಟುಕೊಂಡಳು. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಲಾಂಡ್ರಿಯ ಮ್ಯಾನೇಜರು ಬೀಗ ಹಾಕಲು ಆಜ್ಞೆ ಮಾಡಿದ್ದರು ಎಂದು ಮಗಳು ಶುರು ಮಾಡಿದಳು. ಬರೆದದ್ದನ್ನು ಓದಿ ಹೇಳಿದಳು.

"ಅದು ಆಮೇಲೆ ಬರಿ," ಎಂದಳು ಅಮ್ಮ. "ಮೊದಲು ನಾನು ಹಾಕಿದ್ದು ಬರಿ. ಅವರು ಬಡಿದದ್ದು, ನನಗೆ ಕೇಳಿಸಿದ್ದು ಬರಿ. ಹಾಕು ಅಂದೋರದ್ದು ಅದಾದ ಮೇಲೆ."

ಮಗಳು ಆ ಸಾಲನ್ನು ಹೊಡೆದುಹಾಕಿದಳು. ಪೆನ್ನು ಹಿಡಿದು ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಗೆ ಒರಗಿ, ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತ ಹೇಳತೊಡಗಿದಳು.